ಬೋರಾಯ್ತಾ? ಯಾವ ಪುಟದಲ್ಲಿ?

ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು ಹತ್ತಿರ ಕರೆದು, ‘ಈ ಕಾದಂಬರಿ ಬಗ್ಗೆ ನಿನ್ನ ಅಭಿಪ್ರಾಯ ಏನಪ್ಪಾ?’ ಎಂದು ಕೇಳಿ ನೋಡಿ. ಅವನು ಮೊದಲು ನಿಮ್ಮ ಮುಖ ನೋಡುತ್ತಾನೆ. ನಿಮಗೆ ಯಾವ ಉತ್ತರ ಬೇಕಾಗಿದೆ ಎಂದು ಅಂದಾಜು ಮಾಡಿ, ‘ಚೆನ್ನಾಗಿದೆ ಸರ್, ಒಳ್ಳೆ ಸಂದೇಶ ಇದೆ’ ಎನ್ನುತ್ತಾನೆ. ಅರ್ಧ ಗಂಟೆ ಬಿಟ್ಟು ಅದೇ ಹುಡುಗ ಬಸ್‌ಸ್ಟಾಪಿನಲ್ಲಿ ಗೆಳೆಯನಿಗೆ, ‘ಲೋ, ಮೊದಲ ಐವತ್ತು ಪುಟ ತಲೆ ತಿನ್ನುತ್ತೆ ಕಣೋ, ಆಮೇಲೆ ಬಿಡೋಕೇ ಆಗಲ್ಲ’ ಎನ್ನುತ್ತಿರುತ್ತಾನೆ. ನಿಮಗೆ ಕೊಟ್ಟದ್ದು ಪರೀಕ್ಷೆಯ ಉತ್ತರ, ಗೆಳೆಯನಿಗೆ ಹೇಳಿದ್ದು ವಿಮರ್ಶೆ.

ಹದಿಹರೆಯದವರು ಓದುವುದಿಲ್ಲ ಎಂಬ ದೂರು ಹಳೆಯದು. ಓದುವವರೂ ಓದಿದ್ದರ ಬಗ್ಗೆ ದೊಡ್ಡವರೊಡನೆ ಮಾತಾಡುವುದಿಲ್ಲ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಪಠ್ಯದ ಗದ್ಯಪಾಠದ ಸುತ್ತ ಅವರು ಕೇಳಿರುವ ಮಾತೆಂದರೆ ‘ಯಾರು ಯಾರಿಗೆ ಹೇಳಿದರು’, ‘ಸ್ವಾರಸ್ಯ ಬರೆಯಿರಿ’, ‘ಪಾತ್ರ ಚಿತ್ರಿಸಿ’. ಅಲ್ಲಿ ಅಭಿಪ್ರಾಯಕ್ಕೂ ಅಂಕವಿದೆ, ಗೈಡಿನಲ್ಲಿ ಉತ್ತರವೂ ತಯಾರಿದೆ. ತಾವೇ ಹುಡುಕಿ ಓದಿದ ಕಾದಂಬರಿಗೆ ಗೈಡ್ ಇರುವುದಿಲ್ಲ. ಅದರ ಬಗ್ಗೆ ಹೇಳಬೇಕಾದರೆ ಸ್ವಂತ ಮಾತನ್ನೇ ಹುಡುಕಿಕೊಳ್ಳಬೇಕು.

ಮಕ್ಕಳನ್ನು ಕೂರಿಸಿ ಓದಿದ್ದರ ಬಗ್ಗೆ ಮಾತುಕತೆಯ ಕೂಟ ನಡೆಸಬೇಕೆಂದಿರುವ ಮೇಷ್ಟ್ರು, ಟೀಚರ್, ಗ್ರಂಥಪಾಲಕರು, ಅಪ್ಪ-ಅಮ್ಮಂದಿರು ಮತ್ತು ದೊಡ್ಡವರ ಹಂಗಿಲ್ಲದೆ ತಾವೇ ಸೇರಿ ನಡೆಸಬಲ್ಲ ವಿದ್ಯಾರ್ಥಿಗಳಿಗಾಗಿ ಈ ಬರಹ. ಇದರ ಉದ್ದಕ್ಕೂ ಒಂದೇ ಸೂತ್ರ: ಅಭಿಪ್ರಾಯ ಏನಿದ್ದರೂ ಸರಿ, ಅದಕ್ಕೆ ಪುಸ್ತಕದೊಳಗಿನ ಒಂದು ಪುಟವನ್ನು ತೋರಿಸಬೇಕು. ‘ಬೋರು’ ಎಂದವರನ್ನು ತಿದ್ದಲು ಹೋಗಬೇಡಿ. ಯಾವ ಪುಟದಲ್ಲಿ ಬೋರಾಯಿತು ಎಂದು ಕೇಳಿ. ಹುಡುಕಿ ತೋರಿಸುವಷ್ಟರಲ್ಲಿ ಅವರು ಪುಸ್ತಕವನ್ನು ಎರಡನೇ ಸಲ ಓದಲು ಶುರುಮಾಡಿರುತ್ತಾರೆ.

ಆಯ್ಕೆ ಅವರದೇ ಆಗಲಿ

ಮೊದಲ ಕೆಲಸ ಪುಸ್ತಕಗಳನ್ನು ಕಣ್ಣಿಗೆ ಬೀಳಿಸುವುದು. ಎಷ್ಟೋ ಶಾಲೆಗಳಲ್ಲಿ ಕಾದಂಬರಿಗಳಿವೆ. ಬೀರುವಿನೊಳಗಿವೆ, ಬೀರುವಿಗೆ ಬೀಗವಿದೆ, ಕಳೆದುಹೋದರೆ ಯಾರು ಕಟ್ಟಿಕೊಡುವುದೆಂಬ ಹೆದರಿಕೆಯಿಂದ ಬೀಗ ತೆಗೆಯುವುದಿಲ್ಲ. ತಿಂಗಳಿಗೊಂದು ಮಧ್ಯಾಹ್ನ ಅವನ್ನು ಹೊರತೆಗೆದು ಬೆಂಚಿನ ಮೇಲೆ ಮುಖಪುಟ ಮೇಲೆ ಮಾಡಿ ಹರಡಿ. ಬೆನ್ನು ಮಾತ್ರ ಕಾಣುವಂತೆ ಜೋಡಿಸಿಟ್ಟರೆ ಹದಿನಾಲ್ಕರ ಹುಡುಗ ಕೈಯಿಟ್ಟೂ ನೋಡುವುದಿಲ್ಲ. ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ನಡೆಸುವ ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು.

ಶಾಲೆಯಲ್ಲಿ ಪುಸ್ತಕ ಕಡಿಮೆಯೆಂದರೆ ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. ಈಗ ಅದನ್ನು ‘ಅರಿವು ಕೇಂದ್ರ’ ಎನ್ನುತ್ತಾರೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತವಾಗಿ ಸದಸ್ಯತ್ವ ಕೊಡುವ ವ್ಯವಸ್ಥೆ ಬಂತು. ಊರಲ್ಲಿ ಯಾರಿಗೂ ಕಾರ್ಡ್ ಇಲ್ಲದಿದ್ದರೆ ಒಂದು ದಿನ ಇಡೀ ಗುಂಪನ್ನು ಕರೆದುಕೊಂಡು ಹೋಗಿ ಮಾಡಿಸಿಕೊಡಿ. ಪೇಟೆಯವರಿಗೆ ನಗರ ಕೇಂದ್ರ ಗ್ರಂಥಾಲಯದ ಶಾಖೆಗಳಿವೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಆ ಕಪಾಟುಗಳ ಮೇಲೆ ನಮಗೂ ಹಕ್ಕಿದೆ. ಬೆಂಗಳೂರಿನ ಮಕ್ಕಳಿಗೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೈಖರ್ಚಿನ ದುಡ್ಡಿಗೇ ಕಾದಂಬರಿ ಸಿಗುತ್ತದೆ. ಚೌಕಾಸಿ ಮಾಡಿ ತಂದ ಪುಸ್ತಕವನ್ನು ಯಾರೂ ಓದದೆ ಬಿಡುವುದಿಲ್ಲ.

ಆರಿಸುವಾಗ ದೊಡ್ಡವರು ಹುಬ್ಬು ಏರಿಸಬಾರದು. ಇದು ಕಷ್ಟ. ಒಬ್ಬಳು ಹ್ಯಾರಿ ಪಾಟರ್ ತೆಗೆದುಕೊಳ್ಳುತ್ತಾಳೆ, ಒಬ್ಬ ಚೇತನ್ ಭಗತ್, ಇನ್ನೊಬ್ಬ ಮನೆಯ ಅಟ್ಟದಲ್ಲಿ ಸಿಕ್ಕಿದ ಯಂಡಮೂರಿಯ ಅನುವಾದ. ‘ಇದೆಲ್ಲ ಸಾಹಿತ್ಯವಾ?’ ಎಂಬ ಮಾತು ನಾಲಿಗೆ ತುದಿಗೆ ಬರುತ್ತದೆ, ತಡೆದುಕೊಳ್ಳಿ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಗಂಭೀರ ಓದುಗರು ಶುರುಮಾಡಿದ್ದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದ, ವಾರಪತ್ರಿಕೆಯ ಧಾರಾವಾಹಿಗಳಿಂದ. ಭಾಷೆಯ ಕಟ್ಟೂ ಬೇಡ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಲಿ, ಕನ್ನಡದಲ್ಲಿ ಓದಿ ಅರ್ಧ ಇಂಗ್ಲಿಷಿನಲ್ಲಿ ಹೇಳಲಿ.

ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲಿ ಮುಂದಿಟ್ಟ ಐದು ಸೂತ್ರಗಳಲ್ಲಿ ಎರಡು ಇಲ್ಲಿಗೆ ಹೇಳಿ ಮಾಡಿಸಿದ ಹಾಗಿವೆ: ಪ್ರತಿ ಓದುಗನಿಗೂ ಅವನದೊಂದು ಪುಸ್ತಕವಿದೆ, ಪ್ರತಿ ಪುಸ್ತಕಕ್ಕೂ ಅದರದೊಬ್ಬ ಓದುಗನಿದ್ದಾನೆ. ಇವರಿಬ್ಬರ ಭೇಟಿ ಮೊದಲ ಸಲಕ್ಕೇ ಆಗಬೇಕೆಂದಿಲ್ಲ. ಆದ್ದರಿಂದ ಅರ್ಧಕ್ಕೆ ಬಿಡುವ ಸ್ವಾತಂತ್ರ್ಯವನ್ನೂ ಕೊಡಿ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಐವತ್ತು ಪುಟದ ನಿಯಮವೊಂದನ್ನು ಹೇಳುತ್ತಾರೆ: ಐವತ್ತು ಪುಟ ಓದಿದರೂ ಹಿಡಿಸದಿದ್ದರೆ ಪುಸ್ತಕ ಕೆಳಗಿಡಬಹುದು. ಕನ್ನಡದ ಅನೇಕ ಕಾದಂಬರಿಗಳು ಇನ್ನೂರು ಪುಟದೊಳಗೇ ಮುಗಿಯುತ್ತವೆ, ನಮ್ಮ ಮಕ್ಕಳಿಗೆ ಮೂವತ್ತು ಸಾಕು. ಒಂದೇ ಷರತ್ತು, ಯಾಕೆ ಬಿಟ್ಟೆ ಎಂಬುದನ್ನು ಕೂಟದಲ್ಲಿ ಹೇಳಬೇಕು. ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆ ಬರುವ ಮಾತು ಮುಗಿಸಿದ ಪುಸ್ತಕದ ಮಾತಿಗಿಂತ ಹೆಚ್ಚು ಪ್ರಾಮಾಣಿಕವಾಗಿರುವುದೂ ಉಂಟು.

ಬೆಂಚಿನ ಮೇಲೆ ಏನೇನು ಹರಡಬಹುದು?

ಇದು ಓದಲೇಬೇಕಾದ ಪಟ್ಟಿಯೇನಲ್ಲ. ಬಗೆಬಗೆಯ ರುಚಿಯವರಿಗೆ ಕೈ ಚಾಚಿದರೆ ಏನಾದರೂ ಸಿಗಲಿ ಎಂದು ಆರಿಸಿದ್ದು.

ಸಾಹಸ, ಕಾಡು, ನಗು ಬೇಕೆನ್ನುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ವೇಗ ಬೇಕೆನ್ನುವವರಿಗೆ ಅವರದೇ ‘ಜುಗಾರಿ ಕ್ರಾಸ್’ (1994), ಮಲೆನಾಡಿನ ಕಳ್ಳದಂಧೆಗಳ ನಡುವೆ ಸಿಕ್ಕಿಬಿದ್ದ ಎಳೆಯ ದಂಪತಿಯ ಕತೆ.

ಇತಿಹಾಸದ ಹುಚ್ಚಿರುವವರಿಗೆ ತ.ರಾ.ಸು. ಅವರ ‘ದುರ್ಗಾಸ್ತಮಾನ’. ದಪ್ಪ ಪುಸ್ತಕ, ಚಿತ್ರದುರ್ಗದ ಕೊನೆಯ ಪಾಳೆಯಗಾರ ಮದಕರಿ ನಾಯಕನ ಕತೆ, 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಇತಿಹಾಸದ ಜೊತೆ ನಿಧಿಶೋಧ ಬೇಕೆಂದರೆ ಕೃಷಿವಿಜ್ಞಾನಿ ಕೆ.ಎನ್. ಗಣೇಶಯ್ಯನವರ ‘ಕರಿಸಿರಿಯಾನ’. ಮಹಾಭಾರತವನ್ನು ಟಿ.ವಿ.ಯಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡವರ ಕೈಗೆ ಭೈರಪ್ಪನವರ ‘ಪರ್ವ’ (1979) ಸಿಕ್ಕರೆ ಜಗಳ ಗ್ಯಾರಂಟಿ. ದೇವರುಗಳೂ ಪವಾಡಗಳೂ ಎಲ್ಲಿ ಹೋದವು ಎಂದು ಕೇಳಿಕೊಂಡು ಬರುತ್ತಾರೆ.

ಮನಸ್ಸಿನ ಒಳಗೆ ಏನಾಗುತ್ತದೆ ಎಂಬ ಕುತೂಹಲದವರಿಗೆ ತ್ರಿವೇಣಿಯವರ ‘ಶರಪಂಜರ’. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಹೆಣ್ಣನ್ನು ಮನೆಯವರೇ ನಂಬದಿದ್ದರೆ ಏನಾಗುತ್ತದೆ ಎಂಬುದು ಇವತ್ತಿಗೂ ತಾಗುವ ವಿಷಯ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಾಲ್ಯದಲ್ಲೇ ವಿಧವೆಯಾದವಳ ಬದುಕು. ಚಿಕ್ಕದು, ಒಂದು ಭಾನುವಾರ ಸಾಕು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾಳ ಕತೆಯೂ ಅಷ್ಟೇ ಬಿಗಿ.

‘ಇದು ನಮ್ಮ ಕಾಲದ್ದಲ್ಲ’ ಎಂದು ಗೊಣಗುವವರಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕೊಡಿ. ಬೆಂಗಳೂರು, ದಿಢೀರ್ ದುಡ್ಡು, ಮನೆಯೊಳಗಿನ ಮೌನ. ‘ಕಾದಂಬರಿ ಅಂದ್ರೆ ದಪ್ಪ ಇರತ್ತೆ’ ಎಂದು ಓಡಿಹೋಗುವವರಿಗೆ ಕಾರಂತರ ‘ಚೋಮನ ದುಡಿ’ (1933), ದೇವನೂರ ಮಹಾದೇವರ ‘ಒಡಲಾಳ’.

ಸಿನಿಮಾವಾದ ಕಾದಂಬರಿಗಳಿಗೆ ಬೇರೆಯೇ ಆಕರ್ಷಣೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರ ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ್ದು. ಮೂವರು ಒಂದೊಂದು ಪುಸ್ತಕ ಓದಿ, ಆಮೇಲೆ ಒಟ್ಟಿಗೆ ಚಿತ್ರ ನೋಡಿ, ಏನು ಉಳಿಯಿತು, ಏನು ಕೊಚ್ಚಿಹೋಯಿತು ಎಂದು ಲೆಕ್ಕ ಹಾಕಲಿ.

ಓದುವಾಗಲೇ ಗುರುತು

ಕೂಟದ ದಿನ ‘ಎಲ್ಲೋ ಓದಿದ್ದೆ, ಮರೆತೋಯ್ತು’ ಎನ್ನುವುದು ಸಾಮಾನ್ಯ. ಇದಕ್ಕೆ ಮದ್ದು ಹಳೇ ನೋಟ್‌ಬುಕ್ಕಿನಿಂದ ಹರಿದ ಬೆರಳಗಲದ ಚೀಟಿಗಳು. ಗ್ರಂಥಾಲಯದ ಪುಸ್ತಕದಲ್ಲಿ ಪೆನ್ನಿನ ಗೀರು ಕೂಡದು, ಚೀಟಿ ಸಿಕ್ಕಿಸಬಹುದು. ಚೀಟಿಯ ಮೇಲೆ ಬರೆಯಲು ನಾಲ್ಕೇ ಗುರುತು ಸಾಕು: ಹಿಡಿಸಿದ ಕಡೆ ಸರಿ ಚಿಹ್ನೆ, ಹಿಡಿಸದ ಕಡೆ ತಪ್ಪು ಚಿಹ್ನೆ, ಅರ್ಥವಾಗದ ಕಡೆ ಪ್ರಶ್ನಾರ್ಥಕ, ‘ಇದನ್ನು ಎಲ್ಲೋ ನೋಡಿದ್ದೇನಲ್ಲ’ ಅನ್ನಿಸಿದ ಕಡೆ ಒಂದು ಬಾಣ. ನಡುವೆ ನಿಲ್ಲಿಸಿ ಟಿಪ್ಪಣಿ ಬರೆಯಿರಿ ಎಂದರೆ ಕತೆಯ ಓಟ ಹೋಗುತ್ತದೆ. ಗುರುತು ಹಾಕಿ ಮುಂದೆ ಹೋಗಲಿ.

ಈ ನಾಲ್ಕರ ಹಿಂದೆ ಒಬ್ಬ ಅನುಭವಿಯ ಯೋಚನೆಯಿದೆ. ಇಂಗ್ಲೆಂಡಿನ ಲೇಖಕ, ಹಿಂದೆ ಮೇಷ್ಟ್ರೂ ಆಗಿದ್ದ ಏಡನ್ ಚೇಂಬರ್ಸ್ 1993ರಲ್ಲಿ ಮಕ್ಕಳು ಪುಸ್ತಕದ ಬಗ್ಗೆ ಮಾತಾಡುವುದರ ಕುರಿತು ‘ಟೆಲ್ ಮಿ’ ಎಂಬ ಪುಸ್ತಕ ತಂದರು. ಇಷ್ಟವಾದದ್ದು, ಇಷ್ಟವಾಗದ್ದು, ಒಗಟಾಗಿ ಕಂಡದ್ದು, ಒಂದಕ್ಕೊಂದು ಹೊಂದುವಂಥದ್ದು ಎಂದು ಮಾತಿಗೆ ನಾಲ್ಕು ದಾರಿ ತೋರಿಸಿದವರು ಅವರು. ಇನ್ನೊಂದು ಎಚ್ಚರವನ್ನೂ ಕೊಟ್ಟರು: ‘ಯಾಕೆ?’ ಎಂದು ನೇರವಾಗಿ ಕೇಳಬೇಡಿ. ಆ ಪ್ರಶ್ನೆ ಕೇಳಿದ ಕೂಡಲೇ ಮಕ್ಕಳು ವಿಚಾರಣೆಗೆ ನಿಂತವರ ಹಾಗೆ ಮುದುಡುತ್ತಾರೆ. ‘ಅದರ ಬಗ್ಗೆ ಇನ್ನೊಂಚೂರು ಹೇಳು’ ಎಂದರೆ ಅದೇ ಉತ್ತರ ತಾನಾಗಿ ಬರುತ್ತದೆ.

ಒಂದು ಗಂಟೆಯ ಕೂಟ

ಎಂಟರಿಂದ ಹತ್ತು ಜನ ಸರಿಯಾದ ಗುಂಪು. ತರಗತಿಯಲ್ಲಿ ಅರವತ್ತು ಮಂದಿ ಇದ್ದರೆ ಎಂಟೆಂಟು ಜನರ ಗುಂಪು ಮಾಡಿ, ಪ್ರತಿ ಗುಂಪಿಗೆ ಒಬ್ಬರು ಗಡಿಯಾರ ನೋಡಿಕೊಳ್ಳಲಿ. ಬೆಂಚಿನ ಸಾಲು ಬೇಡ, ನೆಲದ ಮೇಲೆ ಜಮಖಾನ ಹಾಸಿ ಸುತ್ತ ಕೂತರೆ ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ. ದೊಡ್ಡವರೂ ಅಲ್ಲೇ, ನೆಲದ ಮೇಲೆಯೇ.

ಮೊದಲ ಐದು ನಿಮಿಷ ಪುಸ್ತಕಗಳನ್ನು ಮಧ್ಯದಲ್ಲಿಟ್ಟು ನೋಡುವುದಕ್ಕೆ. ಮುಂದಿನ ಇಪ್ಪತ್ತು ನಿಮಿಷ ಒಬ್ಬೊಬ್ಬರಿಗೆ ಎರಡು ನಿಮಿಷ: ಪುಸ್ತಕ ಯಾವುದು, ಎಲ್ಲಿ ಸಿಕ್ಕಿತು, ಯಾಕೆ ತೆಗೆದುಕೊಂಡೆ, ಯಾವ ಪುಟದಲ್ಲಿ ಹಿಡಿಸಿತು ಅಥವಾ ಕೈಕೊಟ್ಟಿತು. ಕತೆ ಹೇಳಲು ಶುರುಮಾಡಿದರೆ ಎರಡು ನಿಮಿಷದಲ್ಲಿ ಮುಗಿಯುವುದಿಲ್ಲ, ಅಲ್ಲಿಗೇ ಕತ್ತರಿಸಿ. ಆಮೇಲೆ ಹತ್ತು ನಿಮಿಷ ಗಟ್ಟಿಯಾಗಿ ಓದುವುದಕ್ಕೆ. ಇಬ್ಬರೋ ಮೂವರೋ ಚೀಟಿ ಇಟ್ಟ ಪುಟದಿಂದ ಒಂದೊಂದು ಪ್ಯಾರಾ ಓದಲಿ. ಓದಿದ ಪ್ಯಾರಾ ಇನ್ನೊಬ್ಬರನ್ನು ಸೆಳೆಯುವಷ್ಟು ಯಾವ ಹೊಗಳಿಕೆಯೂ ಸೆಳೆಯುವುದಿಲ್ಲ. ಮುಂದಿನ ಇಪ್ಪತ್ತು ನಿಮಿಷ ಚರ್ಚೆ, ಒಂದೇ ಪುಸ್ತಕವನ್ನು ಇಬ್ಬರು ಮೂವರು ಓದಿದ್ದರೆ ಅದರಿಂದಲೇ ಶುರು. ಕೊನೆಯ ಐದು ನಿಮಿಷ ಪುಸ್ತಕ ಬದಲಾಯಿಸಿಕೊಳ್ಳುವುದಕ್ಕೆ.

ನಿಯಮಗಳು ಮೂರು ಸಾಕು. ಕೊನೆ ಏನಾಯಿತೆಂದು ಓದದವರ ಮುಂದೆ ಹೇಳುವ ಹಾಗಿಲ್ಲ. ಪುಸ್ತಕವನ್ನು ಬಯ್ಯಬಹುದು, ಅದನ್ನು ಮೆಚ್ಚಿದವರನ್ನು ಬಯ್ಯುವ ಹಾಗಿಲ್ಲ. ಮೊಬೈಲಿನಲ್ಲಿ ಸಾರಾಂಶ ನೋಡಿಕೊಂಡು ಬಂದು ಓದಿದ್ದೇನೆ ಎನ್ನುವ ಹಾಗಿಲ್ಲ. ಮೂರನೆಯದನ್ನು ಪೊಲೀಸರ ಹಾಗೆ ಕಾಯಬೇಕಿಲ್ಲ. ಪುಟ ತೋರಿಸು ಎಂದಾಗ ತಾನಾಗಿ ಹೊರಬೀಳುತ್ತದೆ.

ಮಾತು ಹೇಗೆ ಬೆಳೆಯುತ್ತದೆ?

‘ಕರ್ವಾಲೊ’ ಓದಿದ ಇಬ್ಬರು ಎದುರು ಬದುರು ಕೂತಿದ್ದಾರೆ ಎಂದುಕೊಳ್ಳಿ. ಮಾತು ಹೀಗೆ ಸಾಗಬಹುದು:

‘ಅಷ್ಟೇನೂ ಇಷ್ಟ ಆಗಲಿಲ್ಲ ಮಿಸ್.’

‘ಎಲ್ಲಿಂದ ಇಷ್ಟ ಆಗೋದು ನಿಂತೋಯ್ತು?’

‘ಮೊದಲು ಚೆನ್ನಾಗೇ ಇತ್ತು. ಮಂದಣ್ಣನ ಮದುವೆ ಎಲ್ಲ ಸಖತ್ ನಗು. ಕೊನೆ ಮೋಸ ಅನ್ನಿಸ್ತು. ಅಷ್ಟು ದೂರ ಕಾಡಿಗೆ ಹೋಗ್ತಾರೆ, ಆ ಹಾರೋ ಓತಿ ಕೈಗೇ ಸಿಗಲ್ಲ.’

‘ಸಿಕ್ಕಿದ್ರೆ ಏನ್ ಮಾಡ್ತಿದ್ರು? ಬಾಟಲಿಯಲ್ಲಿ ಹಾಕಿಡ್ತಿದ್ರು ಅಷ್ಟೇ.’

‘ಹಾಗಾದ್ರೆ ಹೋಗಿದ್ದ್ಯಾಕೆ?’

‘ನೋಡಿದ್ರಲ್ಲ! ಕಣ್ಣಾರೆ ನೋಡಿದ್ರಲ್ಲ, ಸಾಲದಾ?’

‘ನಂಗೆ ಸಾಲಲ್ಲಪ್ಪ.’

‘ಸರಿ, ಅದು ಹಾರಿಹೋಗೋ ಪುಟ ಯಾರಾದ್ರೂ ಓದಿ. ಓದಿದ ಮೇಲೆ ಸಾಲುತ್ತೋ ಇಲ್ವೋ ನೋಡೋಣ.’

ಟೀಚರ್ ಇಲ್ಲಿ ಬಾಯಿ ಬಿಟ್ಟದ್ದು ಎರಡೇ ಸಲ: ಒಂದು ಸಲ ‘ಎಲ್ಲಿಂದ’ ಎಂದು ಕೇಳಲು, ಇನ್ನೊಂದು ಸಲ ಪುಟಕ್ಕೆ ಕರೆದೊಯ್ಯಲು. ವಿಜ್ಞಾನ, ವಿಸ್ಮಯ, ಪ್ರಕೃತಿಯ ಎದುರು ಮನುಷ್ಯನ ಮಿತಿ ಎಂದು ಭಾಷಣ ಬಿಗಿಯುವ ಅವಕಾಶವಿತ್ತು, ಬಿಗಿಯಲಿಲ್ಲ. ಮಕ್ಕಳೇ ಆ ಬಾಗಿಲ ತನಕ ಬಂದು ನಿಂತಿದ್ದಾರೆ. ಅವರಿಗೆ ಒಪ್ಪಿಗೆಯಾಗಬೇಕೆಂದೂ ಇಲ್ಲ. ‘ನಂಗೆ ಸಾಲಲ್ಲ’ ಎಂದವಳು ಹಾಗೆಯೇ ಮನೆಗೆ ಹೋಗಲಿ.

ಕೇಳಬಾರದ ಪ್ರಶ್ನೆಗಳೂ ಕೆಲವಿವೆ. ‘ಇದರಿಂದ ನಾವು ಕಲಿಯಬೇಕಾದ ನೀತಿ ಏನು?’ ಎಂದರೆ ಕೂಟ ತರಗತಿಯಾಗುತ್ತದೆ. ‘ಲೇಖಕರು ಏನು ಹೇಳಲು ಹೊರಟಿದ್ದಾರೆ?’ ಎಂದರೆ ಎಲ್ಲರೂ ಮುನ್ನುಡಿ ತಿರುವುತ್ತಾರೆ. ಬದಲಿಗೆ ಇಂಥವು ಕೆಲಸ ಮಾಡುತ್ತವೆ: ಯಾವ ಪಾತ್ರದ ಜೊತೆ ನೀನು ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರಲಾರೆ? ಎಲ್ಲಿ ನಿದ್ದೆಗೆಟ್ಟು ಓದಿದೆ? ಯಾವ ಪುಟ ಹಾರಿಸಿದೆ? ಇದರಲ್ಲಿ ಬಾಯಿಯೇ ಬಿಡದ ಪಾತ್ರ ಯಾವುದು, ಬಿಟ್ಟಿದ್ದರೆ ಏನೆನ್ನುತ್ತಿತ್ತು? ಈ ಕತೆಯನ್ನು ಬೇರೆಯವರು ಹೇಳಿದ್ದರೆ ಏನು ಬದಲಾಗುತ್ತಿತ್ತು?

ಮಾತು ಬಿಸಿಯಾದಾಗ

ಕನ್ನಡದ ಒಳ್ಳೆಯ ಕಾದಂಬರಿಗಳಲ್ಲಿ ಜಾತಿಯಿದೆ, ಧರ್ಮವಿದೆ, ಹೆಣ್ಣಿನ ಮೇಲಿನ ಅನ್ಯಾಯವಿದೆ. ಅವುಗಳ ಬಗ್ಗೆ ಮಾತಾಡುವಾಗ ಒಂದು ಜಾಗ್ರತೆ ಬೇಕೇ ಬೇಕು. ‘ಚೋಮನ ದುಡಿ’ಯ ಚೋಮ ಸ್ವಂತ ಬೇಸಾಯದ ಕನಸು ಕಂಡವನು, ಅವನ ಜಾತಿಯೇ ಅದಕ್ಕೆ ಅಡ್ಡ ನಿಂತಿತು. ಇದನ್ನು ಚರ್ಚಿಸುವಾಗ ಗುಂಪಿನಲ್ಲಿರುವ ದಲಿತ ಹುಡುಗನ ಕಡೆ ತಿರುಗಿ ‘ನಿನಗೇನನ್ನಿಸುತ್ತೆ, ಹೇಳು’ ಎನ್ನಕೂಡದು. ‘ಚಂದ್ರಗಿರಿಯ ತೀರದಲ್ಲಿ’ ಬಂದಾಗ ಮುಸ್ಲಿಂ ಹುಡುಗಿಯ ಕಡೆಯೂ ಹಾಗೆ ತಿರುಗಬಾರದು. ಯಾವ ಮಗುವೂ ತನ್ನ ಸಮುದಾಯದ ವಕೀಲನಾಗಿ ಅಲ್ಲಿಗೆ ಬಂದಿರುವುದಿಲ್ಲ. ತಾನಾಗಿ ಹೇಳಿದರೆ ಕೇಳಿ, ಹೇಳದಿದ್ದರೆ ಅದು ಅವರಿಗೆ ಬಿಟ್ಟದ್ದು.

ಚರ್ಚೆ ಪುಸ್ತಕದಿಂದ ಜಾರಿ ‘ನಿಮ್ಮೋರು’, ‘ನಮ್ಮೋರು’ ಎಂದಾಗತೊಡಗಿದರೆ ಮತ್ತೆ ಪುಟಕ್ಕೆ ಕರೆತನ್ನಿ. ಪುಸ್ತಕಕ್ಕೆ ಪುಸ್ತಕವನ್ನೇ ಎದುರಿಡುವುದೂ ಒಳ್ಳೆಯ ಉಪಾಯ. ‘ಚೋಮನ ದುಡಿ’ಯ ಪಕ್ಕ ‘ಒಡಲಾಳ’ ಇಡಿ. ಒಂದನ್ನು ಹೊರಗೆ ನಿಂತು ಮರುಗಿದವರು ಬರೆದರು, ಇನ್ನೊಂದನ್ನು ಒಳಗಿನಿಂದ ಬಂದವರು ಬರೆದರು. ಚೋಮನ ಸಂಕಟವನ್ನೂ, ಕಳೆದುಹೋದ ಹುಂಜಕ್ಕಾಗಿ ಬೀದಿ ಅಲೆಯುವ ಸಾಕವ್ವನ ಜೋರುಬಾಯಿಯನ್ನೂ ಒಟ್ಟಿಗೆ ಓದಿದ ಹುಡುಗರಿಗೆ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮನೆಯಲ್ಲಿ ಬರುವ ತೊಂದರೆ ಬೇರೆ. ಹದಿನಾಲ್ಕರ ಮಗಳ ಬ್ಯಾಗಿನಲ್ಲಿ ಕಾಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’ ಸಿಗುತ್ತದೆ. ರೀಲ್ಸ್ ನೋಡಿ ಗೆಳತಿಯರೆಲ್ಲ ಓದುತ್ತಿದ್ದಾರೆ. ಅದು ವಯಸ್ಕರಿಗಾಗಿ ಬರೆದ ಕಾದಂಬರಿ. ಪ್ರಣಯವಿದೆ, ಹೆಂಡತಿಯ ಮೇಲೆ ಕೈಮಾಡುವ ಗಂಡನಿದ್ದಾನೆ. ಕಿತ್ತುಕೊಂಡರೆ ಅವಳು ಫೋನಿನಲ್ಲಿ ಓದುತ್ತಾಳೆ, ನಿಮಗೆ ಹೇಳುವುದಿಲ್ಲ. ನೀವೂ ಓದಿ. ಓದಿದ ಮೇಲೆ ನಿಮಗೆ ಸರಿಕಾಣದಿದ್ದರೆ ‘ಇದನ್ನು ಎರಡು ವರ್ಷ ಬಿಟ್ಟು ಓದು, ಕಾರಣ ಇದು’ ಎಂದು ನೇರವಾಗಿ ಹೇಳಿ. ಆಗಲೇ ಓದಿ ಮುಗಿಸಿದ್ದರೆ, ಆ ಗಂಡನನ್ನು ಕತೆ ಎಲ್ಲಿ ಕ್ಷಮಿಸುವ ಹಾಗೆ ಕಂಡಿತು, ಎಲ್ಲಿ ಕ್ಷಮಿಸಲಿಲ್ಲ ಎಂದು ಕೇಳಿ. ಹದಿನಾಲ್ಕರ ಹುಡುಗಿ ಇಂಥ ವಿಷಯವನ್ನು ಅಮ್ಮನ ಜೊತೆ ಮಾತಾಡಲು ಪುಸ್ತಕಕ್ಕಿಂತ ಸುಲಭದ ನೆಪ ಸಿಗುವುದಿಲ್ಲ.

ಐದು ಸಾಲಿನ ಚೀಟಿ

ಎಲ್ಲರೂ ಬಾಯಿಬಿಟ್ಟು ಹೇಳುವವರಲ್ಲ. ಕೆಲವರಿಗೆ ಬರೆಯುವುದು ಸಲೀಸು. ಅವರಿಗೆ ಎರಡು ಪುಟದ ‘ಪುಸ್ತಕ ಪರಿಚಯ’ ಬರೆಯಿರಿ ಎಂದರೆ ಬೆನ್ನುಪುಟವನ್ನು ನಕಲು ಮಾಡುತ್ತಾರೆ. ಪೋಸ್ಟ್‌ಕಾರ್ಡಿನಷ್ಟು ಗಾತ್ರದ ದಪ್ಪ ಕಾಗದ ಕೊಡಿ, ಐದೇ ಸಾಲು. ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಬರೆದರೆ ಹೀಗಿರಬಹುದು:

ಪುಸ್ತಕ: ಬೆಟ್ಟದ ಜೀವ, ಶಿವರಾಮ ಕಾರಂತ.
ಯಾರಿಗೆ: ಊರಾಗ ಅಜ್ಜ-ಅಜ್ಜಿ ಇಬ್ಬರನ್ನ ಬಿಟ್ಟು ಬಂದ ಮನಿಯವರಿಗೆ.
ಹಿಡಿಸಿದ್ದು: ಗೋಪಾಲಯ್ಯ ಮಾತಾಡೋದು. ಮನಿಗೆ ಬಂದವರನ್ನ ಬಿಡಂಗೇ ಇಲ್ಲ.
ಹಿಡಿಸಲಾರದ್ದು: ಕಾಡು ಗುಡ್ಡದ ವರ್ಣನಾ ಭಾಳ ಉದ್ದ ಆತು, ಎರಡು ಕಡೆ ಹಾರಿಸೇನಿ.
ತಿಳೀಲಾರದ್ದು: ಮನಿ ಬಿಟ್ಟು ಹೋದ ಮಗನ ಮ್ಯಾಲೆ ಅವರಿಗೆ ಸಿಟ್ಟು ಐತೋ ಇಲ್ಲೋ?

ಭಾಷೆ ತಿದ್ದಬೇಡಿ. ‘ಹಾರಿಸೇನಿ’ ಎಂದು ಒಪ್ಪಿಕೊಂಡದ್ದಕ್ಕೇ ಈ ಚೀಟಿಯನ್ನು ನಂಬಬಹುದು; ಕೊನೆಯ ಸಾಲಿನ ಪ್ರಶ್ನೆಗೆ ಕಾದಂಬರಿಯನ್ನು ಹತ್ತು ಸಲ ಓದಿದವರೂ ತಡವರಿಸುತ್ತಾರೆ. ಚೀಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುವುದಕ್ಕಿಂತ ಆ ಪುಸ್ತಕದೊಳಗೇ ಇಡುವುದು ಮೇಲು. ಮುಂದೆ ಓದುವವರು ಕೆಳಗೆ ತಮ್ಮದೊಂದು ಸಾಲು ಸೇರಿಸಲಿ, ಒಪ್ಪಲಿ, ಜಗಳವಾಡಲಿ. ವರ್ಷ ಕಳೆಯುವಷ್ಟರಲ್ಲಿ ಒಂದೊಂದು ಪುಸ್ತಕಕ್ಕೂ ಊರಿನ ಮಕ್ಕಳದೇ ಒಂದು ವಿಮರ್ಶೆ ಬೆಳೆದಿರುತ್ತದೆ. ಚೀಟಿಯಲ್ಲಿ ಹೆಸರು ಹಾಕುವುದು ಕಡ್ಡಾಯ ಬೇಡ. ಹೆಸರಿಲ್ಲದೆ ಬರೆದಾಗ ಕೆಲವರ ಕೈಗೆ ಧೈರ್ಯ ಬರುತ್ತದೆ.

ಸುಮ್ಮನಿರುವವರು

ಫ್ರಾನ್ಸಿನಲ್ಲಿ ಶಾಲಾ ಮೇಷ್ಟ್ರಾಗಿದ್ದ ಕಾದಂಬರಿಕಾರ ಡೇನಿಯಲ್ ಪೆನ್ನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದರು. ಪುಟ ಹಾರಿಸುವ ಹಕ್ಕು, ಮುಗಿಸದೆ ಬಿಡುವ ಹಕ್ಕು, ಮತ್ತೆ ಮತ್ತೆ ಓದುವ ಹಕ್ಕು ಎಲ್ಲ ಅದರಲ್ಲಿವೆ. ಹತ್ತನೆಯದು, ಓದಿದ್ದರ ಬಗ್ಗೆ ಏನೂ ಹೇಳದಿರುವ ಹಕ್ಕು. ಅಭಿಪ್ರಾಯ ಹಂಚಿಕೊಳ್ಳುವ ಕೂಟ ನಡೆಸುವವರು ಈ ಹತ್ತನೆಯದನ್ನು ಮರೆಯಬಾರದು.

ಒಬ್ಬಳು ‘ಫಣಿಯಮ್ಮ’ ಓದಿ ಬಂದಿರುತ್ತಾಳೆ, ಅವಳ ಸರದಿ ಬಂದಾಗ ‘ಪಾಸ್’ ಎನ್ನುತ್ತಾಳೆ. ಒತ್ತಾಯಿಸಬೇಡಿ. ಪುಸ್ತಕ ಎಲ್ಲಿ ತಾಗಿದೆಯೋ ಅವಳಿಗೆ ಗೊತ್ತು. ಮುಂದಿನ ಕೂಟದಲ್ಲಿ ಮಾತಾಡಬಹುದು, ಚೀಟಿ ಬರೆಯಬಹುದು, ಅಥವಾ ಅದೇ ಪುಸ್ತಕವನ್ನು ಇನ್ನೊಬ್ಬಳ ಕೈಗೆ ತುರುಕಿ ‘ಓದು’ ಎಂದಷ್ಟೇ ಹೇಳಬಹುದು. ಅದೂ ಅಭಿಪ್ರಾಯವೇ. ಆದರೆ ಪ್ರತಿ ಸಲವೂ ಅದೇ ಇಬ್ಬರು ಮಾತಾಡಿ ಉಳಿದವರು ಕಿವಿಯಾಗುತ್ತಿದ್ದರೆ ಅದು ಬೇರೆ ಸಮಸ್ಯೆ. ಆಗ ಮೊದಲು ಜೋಡಿಜೋಡಿಯಾಗಿ ಐದು ನಿಮಿಷ ಪಿಸುಮಾತಿಗೆ ಬಿಡಿ, ಆಮೇಲೆ ಗುಂಪಿಗೆ ಕರೆಯಿರಿ. ಒಬ್ಬರ ಹತ್ತಿರ ಒಮ್ಮೆ ಹೇಳಿನೋಡಿದ ಮಾತನ್ನು ಹತ್ತು ಜನರ ಮುಂದೆ ಹೇಳುವುದು ಅಷ್ಟು ಕಷ್ಟವಾಗುವುದಿಲ್ಲ.

ಬಹುಮಾನ ಬೇಡ, ಸ್ಪರ್ಧೆಯೂ ಬೇಡ

ಅತಿ ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ ಎಂದು ಘೋಷಿಸಿದ ದಿನವೇ ಮಕ್ಕಳು ತೆಳ್ಳಗಿನ ಪುಸ್ತಕ ಹುಡುಕತೊಡಗುತ್ತಾರೆ. ‘ಅತ್ಯುತ್ತಮ ವಿಮರ್ಶೆ’ ಸ್ಪರ್ಧೆ ಇಟ್ಟರೆ ತೀರ್ಪು ಕೊಡುವವರ ಮನಸ್ಸಿಗೆ ಹಿಡಿಸುವ ಮಾತು ಬರೆಯುತ್ತಾರೆ. ಎಸ್ಸೆಸ್ಸೆಲ್ಸಿ ಬಂದಾಗ ಎರಡು ತಿಂಗಳು ಕೂಟವೇ ನಿಂತುಹೋಗಬಹುದು, ಚಿಂತೆ ಬೇಡ, ರಜೆಯಲ್ಲಿ ಮತ್ತೆ ಸೇರಿಸಿ. ತಿಂಗಳಿಗೊಮ್ಮೆ ಸಾಕು, ದಿನ ಮಾತ್ರ ಬದಲಾಗದಿರಲಿ. ಎರಡನೇ ಶನಿವಾರವೆಂದರೆ ಎರಡನೇ ಶನಿವಾರವೇ.

ನಾಲ್ಕಾರು ಕೂಟ ಕಳೆದ ಮೇಲೆ ನಡೆಸುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಸರದಿಯ ಮೇಲೆ ಬಿಟ್ಟುಕೊಡಿ. ನೀವೂ ಒಂದು ಕಾದಂಬರಿ ಓದಿಕೊಂಡು ಹೋಗಿ. ನಿಮಗೂ ಎರಡೇ ನಿಮಿಷ, ನಿಮ್ಮ ಮಾತಿಗೂ ಪುಟ ಕೇಳುತ್ತಾರೆ.

ಕೂಟ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಒಂದು ಗುರುತಿದೆ. ಒಬ್ಬ ಹೊಗಳಿದ ಪುಸ್ತಕವನ್ನು ಇನ್ನೊಬ್ಬ ಒಯ್ಯುವುದು ಸಹಜ. ಒಬ್ಬ ಚೆನ್ನಾಗಿ ಬೈದ ಪುಸ್ತಕವನ್ನು ‘ಅಷ್ಟು ಕೆಟ್ಟದಾ? ನೋಡೇಬಿಡ್ತೀನಿ ತಾ’ ಎಂದು ಇನ್ನೊಬ್ಬಳು ಒಯ್ದರೆ, ಅಲ್ಲಿ ಅಭಿಪ್ರಾಯಕ್ಕೆ ಬೆಲೆ ಬಂದಿದೆ ಎಂದರ್ಥ. ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡು, ವಾಪಸ್ ತರುವ ತಾರೀಖು ಹೇಳಿ ಕಳಿಸಿ. ಉಳಿದ ಜಗಳವನ್ನು ಮುಂದಿನ ತಿಂಗಳು ಅವರೇ ಮಾಡಿಕೊಳ್ಳುತ್ತಾರೆ.